ಬಾಸ್ ‘ಹ್ಯಾಡ್ ಎ ಗೋ ಅಟ್ ಮಿ’ ಅಂದರೆ ಹೊಡೆದರು ಅಂತಾನಾ?

ಪಕ್ಕದ ಸೀಟಿನವಳು ‘ಬಾಸ್ ಹ್ಯಾಡ್ ಎ ಗೋ ಅಟ್ ಮಿ’ ಅಂದಳು, ಹೊಡೆದರೋ ಬೈದರೋ ಗೊತ್ತಾಗಲಿಲ್ಲ, ನಾನೂ ಹಾಗೆ ಹೇಳಬಹುದಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಇಂಗ್ಲೆಂಡಿನ ಆಫೀಸಿನಲ್ಲಿ ಹೀಗಂದರೆ ಬೈದರು ಅಂತಲೇ. ನಾವು ‘ಬಾಸ್ ಕ್ಲಾಸ್ ತಗೊಂಡ್ರು’ ಅಂತೀವಲ್ಲ, ಅದೇ.

ಬರೀ ‘ಹ್ಯಾವ್ ಎ ಗೋ’ ಅಂದರೆ ಒಂದು ಕೈ ನೋಡು ಅಂತ. ಹೊಸ ಸಾಫ್ಟ್‌ವೇರ್ ತೋರಿಸಿ ಹಾಗಂತಾರೆ. ‘ಹ್ಯಾವ್ ಎ ಗೋ ಅಟ್ ದಿ ರಿಪೋರ್ಟ್’ ಅಂದರೂ ಬರೆಯಲು ಪ್ರಯತ್ನಿಸು ಅಂತಲೇ. ‘ಅಟ್’ ಆದಮೇಲೆ ಮನುಷ್ಯ ಬಂದರೆ ಬೈಗುಳ. ಪೇಪರಿನಲ್ಲಿ ‘ಹ್ಯಾವ್ ಎ ಗೋ ಹೀರೋ’ ಅಂತ ಬಂದರೆ ಜಗಳಗಂಟ ಅಂದುಕೊಳ್ಳಬೇಡಿ. ಕಳ್ಳನನ್ನು ತಡೆಯಲು ಮುನ್ನುಗ್ಗಿದ ದಾರಿಹೋಕನನ್ನು ಹಾಗೆ ಕರೀತಾರೆ.

‘ಲೇಡ್ ಇಂಟು ಮಿ’ ಇದಕ್ಕಿಂತ ಖಾರ. ಬಾಯಲ್ಲೂ ಆಗಬಹುದು, ಕೈಯಲ್ಲೂ ಆಗಬಹುದು. ನಮ್ಮ ‘ಬೆಂಡೆತ್ತಿದ’ ಕೂಡ ಹಾಗೇ ಅಲ್ವಾ? ಮೀಟಿಂಗಿನ ವಿಷಯವಾದರೆ ಜಾಡಿಸಿದ್ದಾನೆ, ಪಬ್ ಹೊರಗಿನ ವಿಷಯವಾದರೆ ಬಹುಶಃ ಕೈ ಮಾಡಿದ್ದಾನೆ.

ಯಾರಾದರೂ ನಗುಮುಖದಲ್ಲಿ ‘ಐ ಆಮ್ ನಾಟ್ ಹ್ಯಾವಿಂಗ್ ಎ ಗೋ, ಬಟ್...’ ಅಂತ ಶುರು ಮಾಡಿದರೆ ಹುಷಾರು. ‘ಬಟ್’ ಆದಮೇಲೆ ಬರೋದು ಟೀಕೆಯೇ. ಇಲ್ಲಿ ಬೈಯೋದೂ ಮೆಲುದನಿಯಲ್ಲೇ ಜಾಸ್ತಿ. ನಮ್ಮ ಲೆಕ್ಕದಲ್ಲಿ ಬೈಗುಳವೇ ಅಲ್ಲದ ಒಂದು ತಣ್ಣನೆಯ ಮೇಲ್‌ಗೂ ‘ಹ್ಯಾಡ್ ಎ ಗೋ’ ಅಂತ ಕೊರಗುವವರಿದ್ದಾರೆ.

ಟೀ ಹೊತ್ತಿನ ಮಾತಿಗೆ ನೀವೂ ಧಾರಾಳವಾಗಿ ಬಳಸಿ. ಆದರೆ ‘ಬಾಸ್ ಫೈರ್ಡ್ ಮಿ’ ಅಂತ ಮಾತ್ರ ಹೇಳಬೇಡಿ. ನಮ್ಮ ಕಡೆ ಅದು ಬರೀ ಬೈಗುಳ ಆಗಬಹುದು, ಇಲ್ಲಿ ಕೆಲಸ ಹೋಯ್ತು ಅಂತ ಎಲ್ಲರೂ ಸಮಾಧಾನ ಹೇಳೋಕೆ ಬರ್ತಾರೆ!

ಎಚ್ಆರ್‌ಗೆ ದೂರು ಕೊಡೋದಾದರೆ ಇಂಥ ಯಾವ ಮಾತೂ ಬೇಡ. ‘ಮಂಗಳವಾರ ಹತ್ತು ಗಂಟೆಗೆ, ಇಬ್ಬರ ಎದುರಿಗೆ, ನೀನು ದಡ್ಡ ಅಂತ ಕೂಗಿದರು’ ಅನ್ನೋ ಥರ ನಡೆದದ್ದನ್ನೇ ಬರೀರಿ. ಆಡಿದ ಮಾತು ನೆನಪಿದ್ದರೆ ಇದ್ದ ಹಾಗೇ ಹಾಕಿ, ಅದೇ ಸಾಕ್ಷಿ. ಬೈದಿದ್ದಕ್ಕೆಲ್ಲ ‘ಅಸಾಲ್ಟ್’ (ಹಲ್ಲೆ) ಅಂತ ಸುಮ್ನೆ ಬರೆದುಬಿಡಬೇಡಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಅದು ಅಪರಾಧದ ಹೆಸರು. 1988ರ ಕ್ರಿಮಿನಲ್ ಜಸ್ಟಿಸ್ ಆ್ಯಕ್ಟ್‌ನ 39ನೇ ಸೆಕ್ಷನ್ ಪ್ರಕಾರ ‘ಕಾಮನ್ ಅಸಾಲ್ಟ್’ಗೆ 6 ತಿಂಗಳವರೆಗೆ ಜೈಲಾಗಬಹುದು. ಹಾಗಂತ ಏಟು ಬೀಳಲೇಬೇಕು ಅಂತೇನಿಲ್ಲ. ಈಗಲೇ ಹೊಡೆದುಬಿಡ್ತಾನೆ ಅನ್ನೋ ಭಯ ಬರುವ ಹಾಗೆ ಮುಷ್ಟಿ ಎತ್ತಿದರೂ ಅದರಡಿ ಬರಬಹುದು.

ನಿಜವಾಗಿಯೂ ಕೈ ಮಾಡಿದರೆ, ಆ ಕ್ಷಣದ ಅಪಾಯಕ್ಕೆ 999, ಆಮೇಲಿನ ದೂರಿಗೆ 101. ಪೊಲೀಸರಿಗೂ ‘ತಳ್ಳಿದ’, ‘ಕೆನ್ನೆಗೆ ಹೊಡೆದ’ ಅಂತ ಬಿಡಿಸಿ ಹೇಳಿ. ಬರೀ ಬೈಗುಳದ ಕಾಟ ನಿಲ್ಲದೇ ಹೋದರೆ ಕೆಲಸದ ಜಾಗದ ತಕರಾರುಗಳಿಗೆ ಸಲಹೆ ಕೊಡುವ ಏಕಾಸ್ (Acas) ಅನ್ನೋ ಸಂಸ್ಥೆಯ ಸಹಾಯವಾಣಿ ಇದೆ. ಸಲಹೆಗೆ ದುಡ್ಡು ಕೇಳೋದಿಲ್ಲ. ಎಚ್ಆರ್‌ಗೆ ಮೇಲ್ ಕಳಿಸುವ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ.