ರಿಜಿಸ್ಟರ್ ಪಕ್ಕಕ್ಕಿಡಿ, ಟವೆಲ್ ಹಾಸಿ

ಪ್ರಶ್ನೆ: ಅಕ್ಕ, ನಮಸ್ಕಾರ. ನಾನು ಒಂದು ಸಂಸ್ಥೆಯಲ್ಲಿ ಹಿರಿಯ ಆಪ್ತಸಮಾಲೋಚಕಿ. ನನ್ನ ಕೈಕೆಳಗೆ ಐದು ಜನ ಹುಡುಗಿಯರಿದ್ದಾರೆ. ಶಾಲೆ, ಹಾಸ್ಟೆಲ್, ತೋಟದ ಕಾರ್ಮಿಕರ ಲೈನ್‌ಮನೆ ಅಂತ ಸುತ್ತುತ್ತಾರೆ. ತಿಂಗಳಿಗೊಮ್ಮೆ ಎರಡು ಗಂಟೆ ಸೂಪರ್‌ವಿಷನ್ ಮೀಟಿಂಗ್. ಎಷ್ಟು ಕೇಸು, ಎಷ್ಟು ಫಾಲೋಅಪ್, ಯಾವ ಫಾರಂ ಬಾಕಿ ಅಂತ ನೋಡುವಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತದೆ. ಈಚೆಗೆ ಒಬ್ಬಳು ಮೀಟಿಂಗಿನಲ್ಲಿ ಬಾಯೇ ಬಿಡುವುದಿಲ್ಲ. ಇನ್ನೊಬ್ಬಳಿಗೆ ಸದಾ ತಲೆನೋವು, ನಿದ್ದೆಯೂ ಸರಿಯಿಲ್ಲ. ಚಿತ್ರ, ಮಣ್ಣಿನ ಕೆಲಸ, ಬರವಣಿಗೆ ಇವನ್ನೆಲ್ಲ ಮೀಟಿಂಗಿನಲ್ಲಿ ಬಳಸಿದರೆ ಕೌನ್ಸೆಲರ್‌ಗಳಿಗೂ ಒಳ್ಳೆಯದು ಅಂತ ಒಂದು ತರಬೇತಿಯಲ್ಲಿ ಹೇಳಿದರು. ಇದರಲ್ಲಿ ಹುರುಳಿದೆಯಾ, ಇಲ್ಲ ಬರೀ ಮಕ್ಕಳಾಟವಾ? ನನಗೆ ಒಂದು ಮಾವಿನಕಾಯಿ ಬಿಡಿಸಲೂ ಬರುವುದಿಲ್ಲ. ದುಡ್ಡಂತೂ ಇಲ್ಲ.
— ಹೆಸರು ಬೇಡ, ಸೋಮವಾರಪೇಟೆ

ಉತ್ತರ: ಮಾವಿನಕಾಯಿ ಬಿಡಿಸಲು ಬಾರದಿದ್ದರೆ ಒಳ್ಳೆಯದೇ ಆಯಿತು. ಸೊಗಸಾಗಿ ಚಿತ್ರ ಬರೆಯುವ ಮೇಲಧಿಕಾರಿಯ ಎದುರು ಪೆನ್ಸಿಲ್ ಹಿಡಿಯಲು ಯಾರಿಗೂ ಕೈ ಬರುವುದಿಲ್ಲ. ನಿಮ್ಮ ಮುಂದೆ ಆ ಅಂಜಿಕೆ ಇರುವುದಿಲ್ಲ.

ನಿಮ್ಮದು ಈಗ ನಡೆಯುತ್ತಿರುವುದು ಲೆಕ್ಕ ತಪಾಸಣೆ. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಬ್ರಿಟನ್ನಿನಲ್ಲಿ ಕೌನ್ಸೆಲಿಂಗ್ ಕಲಿಸುತ್ತಿದ್ದ ಬ್ರಿಜಿಡ್ ಪ್ರಾಕ್ಟರ್ 1986ರಲ್ಲೇ ಸೂಪರ್‌ವಿಷನ್‌ಗೆ ಮೂರು ಹೊಣೆ ಇದೆ ಎಂದು ಬರೆದರು. ಕೆಲಸ ಕ್ರಮಬದ್ಧವಾಗಿದೆಯೇ ಎಂದು ನೋಡುವುದು ಒಂದು, ಕೆಲಸ ಕಲಿಸುವುದು ಇನ್ನೊಂದು, ಕೆಲಸದ ಭಾರದಿಂದ ಕುಗ್ಗಿದವರನ್ನು ಚೇತರಿಸಿಕೊಳ್ಳುವಂತೆ ಮಾಡುವುದು ಮೂರನೆಯದು. ನಿಮ್ಮಲ್ಲಿ ಮೊದಲನೆಯದೇ ಎರಡು ಗಂಟೆಯನ್ನೂ ನುಂಗುತ್ತಿದೆ. ಅದನ್ನು ಮುಕ್ಕಾಲು ಗಂಟೆಗೆ ಇಳಿಸಿ. ಫಾರಂ ಬಾಕಿಯನ್ನು ಫೋನಿನಲ್ಲೂ ಕೇಳಬಹುದು.

ಉಳಿದ ಹೊತ್ತಿಗೆ ಒಂದು ಟವೆಲ್ ಸಾಕು. ಜೊತೆಗೆ ಒಂದು ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳಿ. ಕಾಫಿ ಬೀಜ, ಒಣಗಿದ ಕಾಫಿ ಹಣ್ಣು, ಕರಿಮೆಣಸು, ಅಂಗಿ ಗುಂಡಿ, ಬಾಟಲಿ ಮುಚ್ಚಳ, ಹೊಳೆಕಲ್ಲು, ಬೇಡವಾದ ಬೀಗದ ಕೈ, ಏನಾದರೂ ಆದೀತು. ಟವೆಲನ್ನು ನೆಲಕ್ಕೆ ಹಾಸಿ, ‘ಈ ತಿಂಗಳು ನೀನು ಹೊತ್ತುಕೊಂಡಿರುವವರನ್ನೆಲ್ಲ ಇದರ ಮೇಲೆ ಇಡು. ನಿನ್ನನ್ನೂ ಇಟ್ಟುಕೋ. ಯಾರು ಹತ್ತಿರ, ಯಾರು ದೂರ ಅಂತ ನೀನೇ ನೋಡಿ ಇಡು’ ಅನ್ನಿ. ಹತ್ತು ನಿಮಿಷ ಮಾತು ಬೇಡ. ಮಕ್ಕಳ ಜೊತೆ ಹೀಗೆ ಪುಟ್ಟ ಪುಟ್ಟ ಸಾಮಾನು ಜೋಡಿಸಿ ಅವರ ಲೋಕ ಅರಿಯುವ ವಿಧಾನವನ್ನು ಮಕ್ಕಳ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1920ರ ದಶಕದಲ್ಲೇ ಲಂಡನ್ನಿನಲ್ಲಿ ರೂಪಿಸಿದ್ದರು. ಅವರ ಬಳಿ ಮರಳಿನ ತಟ್ಟೆ, ಗೊಂಬೆ ಎಲ್ಲ ಇತ್ತು. ನಮಗೆ ಮೆಣಸು ಸಾಕು.

ಇದರಿಂದ ಏನಾಗುತ್ತದೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನನ್ನ ಬಳಿ ಸೂಪರ್‌ವಿಷನ್‌ಗೆ ಬರುತ್ತಿದ್ದ ಒಬ್ಬ ಹುಡುಗಿ ತನ್ನ ಶಾಲೆಯ ಮಕ್ಕಳನ್ನೆಲ್ಲ ಮೆಣಸಿನ ಕಾಳಾಗಿ ಸಾಲಾಗಿ ಇಟ್ಟಳು. ಮುಖ್ಯೋಪಾಧ್ಯಾಯರು ಬಾಟಲಿ ಮುಚ್ಚಳ, ತಾನು ಬಿಳಿ ಗುಂಡಿ. ಆ ಗುಂಡಿಗೆ ತಾಗುವಷ್ಟು ಹತ್ತಿರ ಒಂದು ಒಣ ಕಾಫಿ ಹಣ್ಣು.

“ಇದು ಯಾರು?” ಅಂದೆ.

“ಅವನ ಫೈಲ್ ಮುಚ್ಚಿ ಆಯ್ತು ಮೇಡಂ.”

ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದಿದ್ದ ಸಂಸಾರದ ಹುಡುಗ. ಕಾಫಿ ಕೊಯ್ಲು ಮುಗಿದದ್ದೇ ತಂದೆ ತಾಯಿ ಗಂಟುಮೂಟೆ ಕಟ್ಟಿದ್ದಾರೆ. ಇವಳು ಎಂದಿನಂತೆ ಹೋದರೆ ಲೈನ್‌ಮನೆಗೆ ಬೀಗ. ಫಾರಂನಲ್ಲಿ ‘ಮುಕ್ತಾಯದ ಕಾರಣ: ವಲಸೆ’ ಎಂದು ಬರೆದು ಸಹಿ ಹಾಕಿದ್ದಳು. ಲೆಕ್ಕದ ಪ್ರಕಾರ ಎಲ್ಲ ಸರಿ. ಮುಚ್ಚಿದ ಫೈಲಿನ ಬಗ್ಗೆ ರಿಜಿಸ್ಟರ್ ನೋಡುವ ಮೀಟಿಂಗಿನಲ್ಲಿ ಯಾರೂ ಕೇಳುವುದಿಲ್ಲವಲ್ಲ. ಅದಾದ ಮೇಲೆ ಅವಳು ಲೈನ್‌ಮನೆ ಮಕ್ಕಳ ಜೊತೆ ಹೆಚ್ಚು ಬೆರೆಯುವುದನ್ನೇ ಬಿಟ್ಟಿದ್ದಳು. ‘ಹೇಗೂ ಹೋಗ್ತಾರೆ’ ಎಂಬ ಮಾತು ಅವಳ ಬಾಯಿಂದಲೇ ಬಂತು.

ಅಲ್ಲಿಂದ ನಾವು ಕೆಲಸದ ಮಾತಿಗೆ ಬಂದೆವು. ಇದು ಮುಖ್ಯ, ಗಮನವಿಡಿ. ಕೊಯ್ಲು ಮುಗಿಯುವ ಮೊದಲೇ, ಇನ್ನೂ ಮಕ್ಕಳು ಇಲ್ಲಿರುವಾಗಲೇ, ‘ನೀವು ಊರಿಗೆ ಹೋಗಬಹುದು, ಹೋಗುವ ಮುಂಚೆ ಒಂದು ಸಲ ಕೂತು ಮಾತಾಡೋಣ’ ಎಂದು ಹೇಳಿಡುವುದು. ಮನೆಯವರ ಫೋನ್ ನಂಬರ್ ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳುವುದು. ಹೋಗಿಬಿಟ್ಟ ಹುಡುಗನಿಗೆ ಕಳಿಸದ ಒಂದು ಕಾಗದ ಬರೆಯುವುದು. ಮುಂದಿನ ಕೊಯ್ಲಿನ ಹೊತ್ತಿಗೆ ಬೇರೆ ಮಕ್ಕಳ ವಿಷಯದಲ್ಲಿ ಅವಳ ನಡೆಯೇ ಬೇರೆಯಾಗಿತ್ತು. ಟವೆಲಿನ ಮೇಲೆ ಕಂಡದ್ದು ಕೌನ್ಸೆಲಿಂಗ್ ಕೋಣೆಗೆ ಹಿಂತಿರುಗಬೇಕು. ಹಾಗಾಗದಿದ್ದರೆ ನಿಮ್ಮ ತರಬೇತಿಯವರು ಹೇಳಿದ್ದು ಮಕ್ಕಳಾಟವೇ. ಮಂಡಲ ಎಂಬ ದುಂಡನೆಯ ವಿನ್ಯಾಸಗಳ ಪುಸ್ತಕ ಹಂಚಿ ಬಣ್ಣ ತುಂಬಿಸಿ, ‘ಹೇಗನ್ನಿಸಿತು? ರಿಲ್ಯಾಕ್ಸ್ ಆಯಿತು’ ಎಂದು ಮುಗಿಸುವ ಕಾರ್ಯಾಗಾರಗಳ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ.

ಇದರಿಂದ ಕೌನ್ಸೆಲರ್‌ಗಳ ಮನಸ್ಸೂ ಹಗುರವಾಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆಯಲ್ಲೇ ಇದೆ. ಕಲಾಚಿಕಿತ್ಸೆಯ ಸಂಶೋಧಕಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ 39 ಆರೋಗ್ಯವಂತ ವಯಸ್ಕರಿಗೆ 45 ನಿಮಿಷ ಮಣ್ಣು, ಮಾರ್ಕರ್, ಅಂಟಿಸುವ ಕಾಗದ ಕೊಟ್ಟು, ಮುಂಚೆ ಮತ್ತು ಆಮೇಲೆ ಅವರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. 2016ರಲ್ಲಿ ಪ್ರಕಟವಾದ ಅಧ್ಯಯನ. ಸುಮಾರು ಶೇ. 75 ಜನರಲ್ಲಿ ಅದು ಇಳಿದಿತ್ತು. ಚಿತ್ರ ಬರೆದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮಾವಿನಕಾಯಿಯ ಚಿಂತೆಗೆ ಇದೇ ಉತ್ತರ. ಆದರೆ ಉಳಿದ ಕಾಲು ಭಾಗವನ್ನು ಮರೆಯಬೇಡಿ. ಕೆಲವರಲ್ಲಿ ಅದು ಏರಿತ್ತು ಕೂಡ. ನಿಮ್ಮ ಐವರಲ್ಲಿ ಒಬ್ಬಳಿಗೆ ಇದು ಹಿತವಾಗದಿದ್ದರೆ ಅವಳಲ್ಲಿ ದೋಷವಿದೆ ಎಂದಲ್ಲ.

ಬಾಯಿ ಬಿಡದ ಹುಡುಗಿಯನ್ನು ಗುಂಪಿನಲ್ಲಿ ಕೆದಕಬೇಡಿ. ಅವಳೊಬ್ಬಳನ್ನೇ ಕೂರಿಸಿಕೊಂಡು ಗೀಟಿನ ಆಟ ಆಡಿ. ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ ಇದನ್ನು ತಮ್ಮ ಬಳಿ ಬರುವ ಮಕ್ಕಳ ಜೊತೆ ಆಡುತ್ತಿದ್ದರು. ನೀವು ಕಣ್ಣು ಮುಚ್ಚಿ ಒಂದು ಅಂಕುಡೊಂಕು ಗೀಟು ಎಳೆಯಿರಿ, ಅವಳು ಅದಕ್ಕೆ ಏನಾದರೂ ಸೇರಿಸಿ ಒಂದು ರೂಪ ಕೊಡಲಿ. ಆಮೇಲೆ ಅವಳು ಎಳೆಯಲಿ, ನೀವು ಮುಗಿಸಿ. ಇದರಲ್ಲಿ ಸೋಲುವವರಿಲ್ಲ, ಮುಖ ನೋಡಿಕೊಂಡು ಮಾತಾಡಬೇಕೆಂದೂ ಇಲ್ಲ. ಮಾತು ಬಂದರೆ ಬರಲಿ. ಬಾರದಿದ್ದರೆ, ‘ಮೀಟಿಂಗಿನಲ್ಲಿ ನಿನಗೆ ಕಷ್ಟವಾಗುವುದು ಯಾವುದು? ನಾನಾ, ಬೇರೆಯವರಾ, ಕೇಸಾ?’ ಎಂದು ನೇರವಾಗಿ ಕೇಳಿ. ನಾನಾ ಎಂದು ಕೇಳಲು ಹಿಂಜರಿಯಬೇಡಿ. ಅವಳ ಗುತ್ತಿಗೆ ಮುಂದುವರಿಸಬೇಕೋ ಬೇಡವೋ ಎಂಬ ವರದಿ ಬರೆಯುವವರು ನೀವೇ ಅಲ್ಲವೇ?

ಮಾತಿನ ನಡುವೆ ಇನ್ನೊಂದು. ನಿಮ್ಮ ಮೀಟಿಂಗ್ ಕನ್ನಡದಲ್ಲಿ, ಫಾರಂ ಇಂಗ್ಲಿಷಿನಲ್ಲಿ ಇರಬೇಕು. ಆ ಐವರಲ್ಲಿ ಒಬ್ಬಳ ಮನೆಮಾತು ಕೊಡವ ತಕ್ಕ್, ಇನ್ನೊಬ್ಬಳದು ಅರೆಭಾಷೆ, ಮತ್ತೊಬ್ಬಳದು ಮಲಯಾಳವೋ ತುಳುವೋ ಆಗಿದ್ದರೂ ಆಶ್ಚರ್ಯವಿಲ್ಲ. ಬರೆಯಲು ಹೇಳಿದಾಗ ಮನೆಮಾತಿನಲ್ಲೇ ಬರೆದುಕೊಳ್ಳಲಿ. ನಿಮಗೆ ಓದಲು ಬಾರದಿದ್ದರೆ ಇನ್ನೂ ವಾಸಿ, ಅದು ನೀವು ಓದಬೇಕಾದ ಬರಹವೇ ಅಲ್ಲ.

ತಲೆನೋವಿನವಳು ಮೊದಲು ಕಣ್ಣು ಮತ್ತು ರಕ್ತದೊತ್ತಡ ತೋರಿಸಿಕೊಂಡು ಬರಲಿ. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವ ಚಟ ನಮ್ಮ ವೃತ್ತಿಯವರಿಗೆ ಇದೆ. ಅಲ್ಲಿ ಏನೂ ಇಲ್ಲವೆಂದಾದರೆ, ಅವಳು ಈಗ ಯಾವ ಕೇಸು ನೋಡುತ್ತಿದ್ದಾಳೆ ಎಂದು ಕೇಳಿ. ಬೇರೆಯವರ ಆಘಾತವನ್ನು ದಿನವೂ ಕೇಳುವವರ ಒಳಗೂ ಅದು ಇಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆಯರಾದ ಮೆಕ್ಯಾನ್ ಮತ್ತು ಪರ್ಲ್‌ಮನ್ 1990ರಲ್ಲಿ ವಿವರಿಸಿದರು. ಲೈಂಗಿಕ ದೌರ್ಜನ್ಯದ ಕೇಸುಗಳೆಲ್ಲ ಒಬ್ಬಳ ಪಾಲಿಗೇ ಬಂದಿದ್ದರೆ ಹಂಚಿಬಿಡಿ. ಬರೆಯುವುದು ಅವಳಿಗೆ ನೆರವಾದೀತು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ಕಾಡಿದ ಘಟನೆಯ ಬಗ್ಗೆ ಬರೆಸಿದ್ದರು. ಘಟನೆಯ ಜೊತೆಗೆ ತಮ್ಮ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಆ ಹೊತ್ತಿಗೆ ಅವರ ಮನಸ್ಸು ಇನ್ನಷ್ಟು ಕೆಟ್ಟಿತ್ತು. ಹಾಗಾಗಿ ಇದನ್ನು ಮೀಟಿಂಗಿನ ಕೊನೆಯ ಹದಿನೈದು ನಿಮಿಷಕ್ಕೆ ಇಟ್ಟು, ಆಮೇಲೆ ಅವಳನ್ನು ಒಂಟಿಯಾಗಿ ಬಸ್ಸು ಹತ್ತಿಸಿ ಕಳಿಸಬೇಡಿ. ಮೊದಲರ್ಧದಲ್ಲೇ ಮುಗಿಸಿ, ಕಾಫಿ ಕುಡಿದು, ಬೇರೆ ಮಾತಾಡಿ ಏಳಿ.

ಕೊಡಗಿನಲ್ಲಿ ಮಳೆಗಾಲಕ್ಕೆ ಬೇರೆಯೇ ಲೆಕ್ಕ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದು, ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಜಾರಿದ್ದು, ಯಾವುದನ್ನೂ ಇಲ್ಲಿಯವರು ಮರೆತಿಲ್ಲ. ಜುಲೈನಲ್ಲಿ ರಾತ್ರಿಯಿಡೀ ಮಳೆ ಹೊಡೆದರೆ ಎದುರು ಕೂತ ತಾಯಿಗೂ ನಿದ್ದೆ ಇಲ್ಲ, ಕೌನ್ಸೆಲರ್‌ಗೂ ಇಲ್ಲ. ಆ ತಿಂಗಳುಗಳಲ್ಲಿ ಟವೆಲ್ ಹಾಸಿ ಒಳಗಿನದನ್ನು ಹೊರಗೆಳೆಯುವ ಕೆಲಸ ಬೇಡ. ಕೈಗೆ ಕೆಲಸ ಕೊಡಿ, ಮಾತು ತಾನಾಗಿ ಬಂದಷ್ಟು ಬರಲಿ. ಉಣ್ಣೆ ಹೆಣೆಯಲಿ, ಹಳೇ ಬಟ್ಟೆ ಹೊಲಿಯಲಿ, ಗದ್ದೆಯ ಜೇಡಿಮಣ್ಣು ಸಿಕ್ಕರೆ ನಾದಲಿ. ಮಣ್ಣು ನಾದಿ ಏನನ್ನೂ ಮಾಡದೆ ಮತ್ತೆ ಉಂಡೆ ಕಟ್ಟಿಟ್ಟರೂ ಸರಿಯೇ.

ಕೆಲವು ಕಟ್ಟುಪಾಡುಗಳನ್ನು ಮಾತ್ರ ಸಡಿಲ ಬಿಡಬೇಡಿ. ಯಾರಿಗೆ ಬೇಡವೋ ಅವರು ಸುಮ್ಮನೆ ಕೂರಬಹುದು, ಕಾರಣ ಹೇಳಬೇಕಿಲ್ಲ. ಅವರಿಗೆ ಹೇಳಿದ್ದನ್ನು ನೀವೂ ಮಾಡಬೇಕು. ಬುಟ್ಟಿ ಹಿಡಿದು ಸುತ್ತು ಬರುವ ಟೀಚರ್ ಆಗಬೇಡಿ. ‘ಕಪ್ಪು ಬಣ್ಣ ಹಾಕಿದ್ದೀಯಲ್ಲ, ದುಃಖವಿದೆಯಾ’ ಎಂದು ಅರ್ಥ ಹೇಳಲು ಹೋಗಲೇಬೇಡಿ. ಡಬ್ಬಿಯಲ್ಲಿ ಕಪ್ಪು ಕ್ರೇಯಾನ್ ಒಂದೇ ಉಳಿದಿತ್ತೋ ಏನೋ. ಮತ್ತೆ, ಮಾಡಿದ್ದು ಅವರದು, ಮನೆಗೆ ಒಯ್ಯಲಿ ಇಲ್ಲವೇ ಹರಿದು ಹಾಕಲಿ. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ವರ್ಷದ ವರದಿಗೆ ಅಂಟಿಸಬೇಡಿ. ದುಡ್ಡು ಕೊಡುವವರಿಗೆ ಫೋಟೋ ಬೇಕೇ ಬೇಕು ಎನ್ನುತ್ತಾರೆ, ನನಗೂ ಆ ಕಾಟ ಗೊತ್ತು. ಖಾಲಿ ಟವೆಲಿನ ಫೋಟೋ ಕಳಿಸಿ. ನಮ್ಮದು ಸಣ್ಣ ಜಿಲ್ಲೆ. ಮನೆತನದ ಹೆಸರಿನ ಮೊದಲಕ್ಷರ, ತೋಟದ ಗೇಟಿನ ಒಂದು ಗುರುತು ಸಾಕು, ಯಾರ ಮನೆಯ ಕಥೆ ಎಂದು ವಿರಾಜಪೇಟೆಯಿಂದ ಕುಶಾಲನಗರದ ತನಕ ತಿಳಿದುಹೋಗುತ್ತದೆ.

ಯಾರಾದರೂ ಅಳತೊಡಗಿ, ಅದು ಕೇಸಿನ ವಿಷಯವಲ್ಲ, ಅವಳ ಸ್ವಂತ ಬದುಕಿನದು ಎಂದು ಗೊತ್ತಾದರೆ ಅಲ್ಲಿಗೆ ನಿಲ್ಲಿಸಿ. ನೀವು ಅವಳ ಸೂಪರ್‌ವೈಸರ್, ಅವಳ ಥೆರಪಿಸ್ಟ್ ಅಲ್ಲ. ನಿಮ್ಮ ಸಂಸ್ಥೆಗೆ ಸೇರದ ಒಬ್ಬ ಕೌನ್ಸೆಲರ್ ಹೆಸರು ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿದೆ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟೆಲ್ಲ ಮಾಡಿಯೂ ಒಬ್ಬೊಬ್ಬಳಿಗೆ ಹೊರಲಾರದಷ್ಟು ಶಾಲೆ ಹಚ್ಚಿದ್ದರೆ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು, ಅಂದರೆ ಕೆಲಸದಿಂದ ಬಸವಳಿದು ಹೋಗುವುದನ್ನು, ಕಾಯಿಲೆ ಎನ್ನಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎಂದಿತು. ಇದರ ಬಗ್ಗೆ ಬಹುಕಾಲ ಅಧ್ಯಯನ ಮಾಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಕೂಡ ಕೆಲಸದ ಹೊರೆ, ಸಂಬಳ ಮತ್ತು ಮನ್ನಣೆ, ನ್ಯಾಯ, ಸಹೋದ್ಯೋಗಿಗಳ ಸಂಬಂಧ ಇವನ್ನೇ ನೋಡಿ ಎನ್ನುತ್ತಾರೆ. ಪ್ರಯಾಣದ ಭತ್ಯೆ ಮೂರು ತಿಂಗಳು ಬಾಕಿ ಇಟ್ಟುಕೊಂಡು ಹುಡುಗಿಯರ ಕೈಗೆ ಕ್ರೇಯಾನ್ ಕೊಡುವ ಆಡಳಿತ ಮಂಡಳಿ ಇದ್ದರೆ, ಮುಂದಿನ ಸಭೆಯಲ್ಲಿ ಆ ಟವೆಲನ್ನು ಅವರ ಮೇಜಿನ ಮೇಲೇ ಹಾಸಿ. ಐದು ಗುಂಡಿ ಇಟ್ಟು, ಒಂದೊಂದರ ಸುತ್ತ ಎಷ್ಟು ಕಾಳು ಬರುತ್ತದೆ ಎಂದು ಅವರೇ ಎಣಿಸಲಿ.

ಪ್ರಶ್ನೆ: ನಮ್ಮ ಸೂಪರ್‌ವೈಸರ್ ಪ್ರತಿ ಮೀಟಿಂಗಿನಲ್ಲೂ ಪಾತ್ರ ಮಾಡಿ, ಚಿತ್ರ ಬಿಡಿಸಿ ಅನ್ನುತ್ತಾರೆ. ನನಗೆ ಎಲ್ಲರೆದುರು ಅದು ಆಗುವುದಿಲ್ಲ. ಬೇಡ ಅಂದರೆ ‘ನಿನ್ನಲ್ಲಿ ರೆಸಿಸ್ಟೆನ್ಸ್ ಇದೆ’, ಅಂದರೆ ಒಳಗೊಳಗೇ ಪ್ರತಿರೋಧವಿದೆ, ಅನ್ನುತ್ತಾರೆ. ಏನು ಮಾಡಲಿ?
— ಗೋಣಿಕೊಪ್ಪಲಿನ ಓದುಗಿ

ಉತ್ತರ: ಮೇಲಿನ ಉತ್ತರವನ್ನು ಕತ್ತರಿಸಿ ಅವರ ಮೇಜಿನ ಮೇಲಿಡಿ ಅನ್ನೋಣವೆನಿಸಿತು, ಆದರೆ ಕೆಲಸ ನಿಮ್ಮದು. ಮೀಟಿಂಗಿಗೆ ಮುಂಚೆ, ಒಬ್ಬರೇ ಸಿಕ್ಕಾಗ, “ಮೇಡಂ, ಪಾತ್ರ ಮಾಡುವಾಗ ನನ್ನ ಗಮನವೆಲ್ಲ ನಾಚಿಕೆಯ ಮೇಲೇ ಇರುತ್ತದೆ, ಕೇಸಿನ ಮೇಲೆ ಇರುವುದಿಲ್ಲ. ನಾನು ಕೇಸನ್ನು ಬರೆದುಕೊಂಡು ಬಂದು ಓದುತ್ತೇನೆ” ಅನ್ನಿ. ಬೇಡ ಎಂದಷ್ಟೇ ಹೇಳಿ ನಿಲ್ಲಿಸದೆ ಬದಲಿ ದಾರಿಯನ್ನೂ ಹೇಳಿದಾಗ ಬಹಳಷ್ಟು ಜನ ಒಪ್ಪುತ್ತಾರೆ. ಒಪ್ಪದೆ ಒತ್ತಾಯ ಮಾಡಿದರೆ ಅದು ಸೂಪರ್‌ವಿಷನ್ ಅಲ್ಲ, ಬರೀ ಅಧಿಕಾರ. ಅವರ ಮೇಲಿನವರಿಗೆ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಹೆಂಡತಿ ಕೌನ್ಸೆಲರ್. ಸಂಜೆ ಬಂದರೆ ಮಾತೇ ಇಲ್ಲ, ಹೂಕುಂಡದ ಮುಂದೆ ಕೂತುಬಿಡುತ್ತಾಳೆ. ಏನಾಯಿತು ಎಂದು ಕೇಳಬಹುದೇ?
— ಸುಂಟಿಕೊಪ್ಪದ ಓದುಗ

ಉತ್ತರ: ಕೇಸಿನ ಬಗ್ಗೆ ಕೇಳಬೇಡಿ, ಅವರು ಹೇಳುವ ಹಾಗಿಲ್ಲ. ಹೂಕುಂಡದ ಮುಂದೆ ಕೂತದ್ದು ಅವರ ಚೇತರಿಕೆಯೇ ಇರಬಹುದು, ಅರ್ಧ ಗಂಟೆ ಬಿಟ್ಟುಬಿಡಿ. ಊಟ, ನಿದ್ದೆ, ನಗು ಮೂರೂ ವಾರಗಟ್ಟಲೆ ಕಡಿಮೆಯಾಗಿದ್ದರೆ ಮಾತ್ರ, ‘ಕೆಲಸದಲ್ಲಿ ಈ ವಿಷಯ ಯಾರ ಹತ್ತಿರ ಹೇಳಿಕೊಳ್ತೀಯಾ?’ ಎಂದು ಕೇಳಿ. ಯಾರೂ ಇಲ್ಲ ಎಂದರೆ, ಹೊರಗಿನ ಒಬ್ಬ ಹಿರಿಯ ಕೌನ್ಸೆಲರ್ ಬಳಿ ತಿಂಗಳಿಗೊಮ್ಮೆ ಹೋಗಿಬರಲು ಸಮಯ ಮತ್ತು ಖರ್ಚು ನೀವಿಬ್ಬರೂ ಕೂಡಿ ಹೊಂದಿಸಿಕೊಳ್ಳಿ.