ಉಳಿಸಿಕೊಂಡ ಬೀಜಕ್ಕೆ ಪೇಟೆಂಟ್ ಕೇಸು ಬರುವುದಿಲ್ಲ

ಬೌದ್ಧಿಕ ಆಸ್ತಿ ಕಾನೂನಿನ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಕೆಲವು ಎಷ್ಟು ಸಲ ಉತ್ತರಿಸಿದರೂ ಮರಳಿ ಬರುತ್ತವೆ. ಅವುಗಳಲ್ಲಿ ಒಂದಕ್ಕೆ ಈ ಸಲ ಹೆಚ್ಚಿನ ಜಾಗ ಕೊಟ್ಟಿದ್ದೇನೆ, ಏಕೆಂದರೆ ಆ ವಿಷಯದಲ್ಲಿ ಹಬ್ಬಿರುವ ಸುಳ್ಳು ಪ್ರತಿ ಮುಂಗಾರಿನ ಹೊತ್ತಿಗೆ ನಮ್ಮ ಭಾಗದ ರೈತರನ್ನು ಹೆದರಿಸುತ್ತಿದೆ. ಟ್ರೇಡ್‌ಮಾರ್ಕ್ ಎಂದರೇನು, ಕಾಪಿರೈಟ್ ಎಂದರೇನು ಎಂಬ ಪಾಠವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ಕಂಪನಿಯೊಂದರ ಸೋಯಾಬೀನ್ ಬೀಜ ತಂದು ಬಿತ್ತಿದ್ದೆ. ಬಂದ ಫಸಲಿನಲ್ಲಿ ಒಂದಿಷ್ಟನ್ನು ಮುಂದಿನ ವರ್ಷದ ಬಿತ್ತನೆಗೆ ಇಟ್ಟುಕೊಂಡು, ಪಕ್ಕದ ಹೊಲದವರಿಗೂ ಎರಡು ಕ್ವಿಂಟಲ್ ಕೊಟ್ಟೆ. ಕಂಪನಿಯ ಏಜೆಂಟರು ಬಂದು, ಇದಕ್ಕೆ ಪೇಟೆಂಟ್ ಇದೆ, ಪೊಲೀಸ್ ಕೇಸು ಹಾಕಿದರೆ ಜೈಲಾಗುತ್ತದೆ ಎನ್ನುತ್ತಿದ್ದಾರೆ. ಆಲೂಗಡ್ಡೆ ಬೆಳೆದ ಗುಜರಾತಿನ ರೈತರ ವಿರುದ್ಧ ಕಂಪನಿಯೇ ಗೆದ್ದಿದೆ ಎಂಬ ಸುದ್ದಿಯೂ ವಾಟ್ಸಾಪಿನಲ್ಲಿ ಬಂದಿದೆ. ನಾನು ಇನ್ನೊಂದು ಕಂಪನಿಗೆ ಮೆಣಸಿನಕಾಯಿ ಬೀಜೋತ್ಪಾದನೆಯನ್ನೂ ಮಾಡಿಕೊಡುತ್ತೇನೆ. ಅದರಲ್ಲಿ ಉಳಿದ ಬೀಜಕ್ಕೂ ಇದೇ ಕಾನೂನೇ? (ರಾಣೆಬೆನ್ನೂರು ತಾಲ್ಲೂಕಿನ ರೈತರು)

ಉತ್ತರ: ಏಜೆಂಟರು ಹೇಳಿದ್ದರಲ್ಲಿ ಮೊದಲ ಮಾತೇ ಸುಳ್ಳು. 1970ರ ಪೇಟೆಂಟ್ ಕಾಯ್ದೆಯ 3(ಜೆ) ಕಲಮಿನ ಪ್ರಕಾರ ಸಸ್ಯಕ್ಕಾಗಲಿ, ಸಸ್ಯದ ಭಾಗಕ್ಕಾಗಲಿ, ಬೀಜಕ್ಕಾಗಲಿ, ತಳಿಗಾಗಲಿ ಈ ದೇಶದಲ್ಲಿ ಪೇಟೆಂಟ್ ಸಿಗುವುದಿಲ್ಲ. ಬಿಟಿ ಹತ್ತಿಯ ಜೀನ್ ಕುರಿತ ಪೇಟೆಂಟ್ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಿಜ. 2019ರ ಜನವರಿಯಲ್ಲಿ ಅಲ್ಲಿ ಬಂದ ಆದೇಶವನ್ನೇ ತೋರಿಸಿ ಹೆದರಿಸುವವರೂ ಇದ್ದಾರೆ. ಅದು ಮಾನ್ಸಾಂಟೊ ಮತ್ತು ನುಜಿವೀಡು ಎಂಬ ಎರಡು ಕಂಪನಿಗಳ ನಡುವಿನ ಜಗಳ, ಅದರಲ್ಲಿ ರೈತ ಪಕ್ಷಗಾರನೇ ಆಗಿರಲಿಲ್ಲ.

ನಿಮಗೆ ಅನ್ವಯಿಸುವುದು 2001ರ ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ತಳಿ ಅಭಿವೃದ್ಧಿಪಡಿಸಿದವರು ಅದನ್ನು ಈ ಕಾಯ್ದೆಯಡಿ ರಚನೆಯಾದ ದೆಹಲಿಯ ಪ್ರಾಧಿಕಾರದಲ್ಲಿ ನೋಂದಾಯಿಸಿದರೆ ಸೋಯಾಬೀನಿನಂಥ ಬೆಳೆಗೆ ಗರಿಷ್ಠ 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷ ಅವರಿಗೆ ಹಕ್ಕು ಸಿಗುತ್ತದೆ. ಅದೇ ಕಾಯ್ದೆಯ 39ನೇ ಕಲಮು, ಈ ಕಾಯ್ದೆಯಲ್ಲಿ ಬೇರೆ ಏನೇ ಇದ್ದರೂ ರೈತನು ನೋಂದಾಯಿತ ತಳಿಯ ಬೀಜವೂ ಸೇರಿದಂತೆ ತನ್ನ ಹೊಲದ ಉತ್ಪನ್ನವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು ಎಂದು ಒಂದೊಂದನ್ನೂ ಹೆಸರಿಸಿ ಹೇಳುತ್ತದೆ. ಹಕ್ಕನ್ನು ಇಷ್ಟು ಬಿಡಿಸಿ ಬರೆದಿಟ್ಟ ಕಾನೂನು ಜಗತ್ತಿನಲ್ಲಿ ಅಪರೂಪ, ಅದನ್ನು ಓದದೆ ರೈತನ ಮುಂದೆ ನಿಂತು ಜೈಲಿನ ಮಾತಾಡುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ನೀವು ಇಟ್ಟುಕೊಂಡದ್ದೂ ಸರಿ, ಪಕ್ಕದ ಹೊಲದವರಿಗೆ ಕೊಟ್ಟದ್ದೂ ಸರಿ, ಅದಕ್ಕೆ ಹಣ ಪಡೆದಿದ್ದರೂ ಸರಿಯೇ.

ಒಂದೇ ಒಂದು ಗೆರೆ ದಾಟಬಾರದು. ನೋಂದಾಯಿತ ತಳಿಯ ಬೀಜವನ್ನು ಚೀಲಕ್ಕೆ ತುಂಬಿ, ಇದು ಇಂಥ ತಳಿ ಎಂದು ಚೀಟಿ ಅಂಟಿಸಿ ಮಾರುವಂತಿಲ್ಲ. ಕಂಪನಿಯ ಖಾಲಿ ಚೀಲಕ್ಕೆ ನಿಮ್ಮ ಬೀಜ ತುಂಬಿ ಕೊಡುವುದಂತೂ ಬೇಡವೇ ಬೇಡ. ಚೀಲ ಗಟ್ಟಿಯಾಗಿದೆ ಎಂಬ ಕಾರಣಕ್ಕೆ ಹೀಗೆ ಮಾಡುವವರನ್ನು ನಾನು ಕಂಡಿದ್ದೇನೆ, ಮತ್ತು ಅವರ ಪರವಾಗಿ ವಾದಿಸುವುದು ಎಷ್ಟು ಕಷ್ಟವೆಂಬುದೂ ನನಗೆ ಗೊತ್ತು. ಊರೂರು ತಿರುಗಿ ಬೀಜದ ವ್ಯಾಪಾರವನ್ನೇ ಕಸುಬು ಮಾಡಿಕೊಂಡರೆ 1966ರ ಬೀಜ ಕಾಯ್ದೆ ಮತ್ತು 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಲೈಸೆನ್ಸ್ ಕೇಳುತ್ತಾರೆ, ಅದು ಬೇರೆಯೇ ವಿಷಯ. ಅನುಮತಿಯಿಲ್ಲದ, ಕಳೆನಾಶಕ ಹೊಡೆದರೂ ಸಾಯದ ಹತ್ತಿ ಬೀಜವನ್ನು ಗುಟ್ಟಾಗಿ ತಂದು ಬಿತ್ತಿದವರಿಗೂ 39ನೇ ಕಲಮು ರಕ್ಷಣೆ ಕೊಡುವುದಿಲ್ಲ.

ಇನ್ನು ಪೊಲೀಸ್ ಕೇಸಿನ ಮಾತು. ತಳಿ ಹಕ್ಕಿನ ಉಲ್ಲಂಘನೆ ಸಿವಿಲ್ ವ್ಯಾಜ್ಯ, ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಅದನ್ನು ಹೂಡುವಂತೆಯೇ ಇಲ್ಲ. ಈ ಕಾಯ್ದೆಯಲ್ಲಿ ಜೈಲು ಶಿಕ್ಷೆ ಇರುವುದು ತಳಿಯ ಹೆಸರನ್ನು ಸುಳ್ಳಾಗಿ ಬಳಸುವಂಥ ಅಪರಾಧಗಳಿಗೆ. ಮೇಲೆ ಚೀಟಿಯ ವಿಷಯದಲ್ಲಿ ಅಷ್ಟು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಏಜೆಂಟರು ಮತ್ತೆ ಬಂದರೆ ತಳಿಯ ನೋಂದಣಿ ಸಂಖ್ಯೆ ಮತ್ತು ದಿನಾಂಕವನ್ನು ಬರವಣಿಗೆಯಲ್ಲಿ ಕೊಡಲು ಹೇಳಿ. ಚೀಲದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಹೆಸರೆಲ್ಲ ನೋಂದಾಯಿತ ತಳಿಯಲ್ಲ, ನೋಂದಾಯಿತವಾದದ್ದರ ಅವಧಿ ಮುಗಿದಿರಲೂಬಹುದು. ಅಂಥ ಹಕ್ಕೊಂದು ಇದೆಯೆಂದು ತಿಳಿಯದ ರೈತನಿಗೆ 42ನೇ ಕಲಮು ಇನ್ನೊಂದು ರಕ್ಷಣೆ ಕೊಡುತ್ತದೆ. ಆದರೆ ಲಿಖಿತ ನೋಟಿಸ್ ಕೈಸೇರಿದ ಮೇಲೆ ತಿಳಿದಿರಲಿಲ್ಲ ಎನ್ನುವಂತಿಲ್ಲ. ಆದ್ದರಿಂದ ನೋಟಿಸ್ ಬಂದರೆ ಅದನ್ನು ಕಪಾಟಿನಲ್ಲಿಟ್ಟು ಸುಮ್ಮನೆ ಕೂರದೆ, ಅದು ತಲುಪಿದ ದಿನಾಂಕ ಬರೆದಿಟ್ಟುಕೊಂಡು ವಕೀಲರ ಮೂಲಕ ಉತ್ತರ ಕೊಡಿಸಿ.

ಗುಜರಾತಿನ ಪ್ರಕರಣದ ಬಗ್ಗೆ ನಿಮಗೆ ಬಂದ ಸುದ್ದಿ ಅರ್ಧ ಸತ್ಯ, ಅರ್ಧ ಸತ್ಯ ಇಲ್ಲಿ ಪೂರ್ತಿ ಸುಳ್ಳಿಗಿಂತ ಹೆಚ್ಚು ಕೆಡುಕು ಮಾಡಿದೆ. ಪೆಪ್ಸಿಕೊ ಕಂಪನಿ ಎಫ್‌ಎಲ್ 2027 ಎಂಬ ಆಲೂಗಡ್ಡೆ ತಳಿಯನ್ನು ನೋಂದಾಯಿಸಿಕೊಂಡಿತ್ತು. ಅದನ್ನು ಬೆಳೆದ ಸಾಬರಕಾಂಠಾ ಕಡೆಯ ಕೆಲವು ರೈತರ ಮೇಲೆ 2019ರಲ್ಲಿ ತಲಾ ಒಂದು ಕೋಟಿ ರೂಪಾಯಿಗೂ ಮಿಕ್ಕಿದ ಪರಿಹಾರ ಕೇಳಿ ದಾವೆ ಹೂಡಿತು. ದೇಶದೆಲ್ಲೆಡೆ ಪ್ರತಿಭಟನೆ ಎದ್ದಿತು, ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂದಕ್ಕೆ ಪಡೆಯಿತು. ಅಂದರೆ ರೈತರು ತಪ್ಪು ಮಾಡಿದ್ದಾರೆಂದು ಆ ದಾವೆಗಳಲ್ಲಿ ಯಾವ ಕೋರ್ಟೂ ತೀರ್ಪು ಕೊಟ್ಟಿಲ್ಲ. ಅದಾದ ಮೇಲೆ ನಡೆದದ್ದು ಆ ತಳಿಯ ನೋಂದಣಿಯ ಕುರಿತ ವ್ಯಾಜ್ಯ. ರೈತರ ಹಕ್ಕುಗಳ ಕಾರ್ಯಕರ್ತೆ ಕವಿತಾ ಕುರುಗಂಟಿ ಅವರ ಅರ್ಜಿಯ ಮೇಲೆ ಪ್ರಾಧಿಕಾರ 2021ರ ಡಿಸೆಂಬರ್‌ನಲ್ಲಿ ನೋಂದಣಿಯನ್ನು ರದ್ದುಗೊಳಿಸಿತು, 2023ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ರದ್ದತಿಯನ್ನು ಎತ್ತಿಹಿಡಿಯಿತು, 2024ರ ಜನವರಿಯಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಎರಡೂ ಆದೇಶಗಳನ್ನು ತಳ್ಳಿಹಾಕಿತು. ಕಂಪನಿ ಗೆದ್ದದ್ದು ಇದನ್ನೇ. ಅಲ್ಲಿ ಚರ್ಚೆಯಾದದ್ದು ಮುಖ್ಯವಾಗಿ ಅರ್ಜಿಯಲ್ಲಿ ಕೊಟ್ಟ ಮೊದಲ ಮಾರಾಟದ ದಿನಾಂಕ ಮತ್ತು ಜೊತೆಗಿಟ್ಟ ದಾಖಲೆಗಳ ಲೋಪಗಳು. ರೈತ ಬೀಜ ಉಳಿಸಿಕೊಳ್ಳುವ ಹಕ್ಕು ಇಂದಿಗೂ 39ನೇ ಕಲಮಿನಲ್ಲಿ ಹಾಗೆಯೇ ಇದೆ. ಸುದ್ದಿಯನ್ನು ಮುಂದೆ ಕಳಿಸುವವರು ತೀರ್ಪನ್ನು ಓದುವುದಿಲ್ಲ, ಓದಿದವರು ರೈತರಿಗೆ ತಿಳಿಯುವ ಕನ್ನಡದಲ್ಲಿ ಬರೆಯುವುದಿಲ್ಲ. ಇದರಲ್ಲಿ ನಮ್ಮ ವಕೀಲ ವೃತ್ತಿಯವರ ಪಾಲೂ ಇದೆ.

ಈಗ ಬೀಜೋತ್ಪಾದನೆಯ ವಿಷಯ. ಇಲ್ಲಿ ನನ್ನ ಸಲಹೆ ಪೂರ್ತಿ ಬೇರೆ, ದಯವಿಟ್ಟು ಎರಡನ್ನೂ ಬೆರೆಸಬೇಡಿ. ರಾಣೆಬೆನ್ನೂರು, ಬ್ಯಾಡಗಿ ಕಡೆ ಹೈಬ್ರಿಡ್ ಬೀಜೋತ್ಪಾದನೆ ನಡೆಯುವುದು ಕರಾರಿನ ಮೇಲೆ. ಗಂಡು ತಳಿ, ಹೆಣ್ಣು ತಳಿ ಎರಡನ್ನೂ ಕಂಪನಿಯೇ ಕೊಟ್ಟಿರುತ್ತದೆ. ಕ್ರಾಸಿಂಗ್ ಮಾಡಿ ಬಂದ ಬೀಜವನ್ನೂ, ಉಳಿದ ಪೋಷಕ ತಳಿಯ ಬೀಜವನ್ನೂ ಅದಕ್ಕೇ ಒಪ್ಪಿಸಬೇಕೆಂದು ಬಾಂಡಿನಲ್ಲಿ ಬರೆಸಿಕೊಂಡಿರುತ್ತದೆ. 39ನೇ ಕಲಮು ತನ್ನ ಕಾಯ್ದೆಯ ಬೇರೆ ಕಲಮುಗಳನ್ನು ಮೀರಿ ನಿಲ್ಲುತ್ತದೆ, ನೀವೇ ಸಹಿ ಹಾಕಿದ ಕರಾರನ್ನೂ ಮೀರುತ್ತದೆಯೇ ಎಂಬುದು ವಾದಕ್ಕೆ ಬಿಟ್ಟ ಮಾತು. ಆ ವಾದದ ಖರ್ಚನ್ನು ಎರಡೆಕರೆಯ ರೈತ ಹೊರುವುದು ನನಗೆ ಇಷ್ಟವಿಲ್ಲ. ಮೇಲಾಗಿ, ಒಂದು ಹೈಬ್ರಿಡ್ಡನ್ನು ವ್ಯಾಪಾರಕ್ಕಾಗಿ ಉತ್ಪಾದಿಸಲು ನೋಂದಾಯಿತ ತಳಿಯನ್ನು ಮತ್ತೆ ಮತ್ತೆ ಪೋಷಕವಾಗಿ ಬಳಸಬೇಕಿದ್ದರೆ ಅದರ ಹಕ್ಕುದಾರರ ಒಪ್ಪಿಗೆ ಬೇಕೆಂದು 30ನೇ ಕಲಮೇ ಹೇಳುತ್ತದೆ. ಗಂಡು ತಳಿಯ ಬೀಜ ಹೊರಗೆ ಮಾರಾಟವಾದರೆ ಕಂಪನಿಯವರು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ನಂಬಿಕೆದ್ರೋಹದ ದೂರು ಕೊಡಬಹುದು, ಏಜೆಂಟರ ಪೊಲೀಸ್ ಮಾತು ಆಗ ನಿಜವಾಗುತ್ತದೆ. ಹಾಗಾಗಿ ಉಳಿದ ಬೀಜವನ್ನು ತೂಕ ಮಾಡಿಸಿ, ಕಂಪನಿಯ ಪರವಾಗಿ ಬೀಜೋತ್ಪಾದನೆ ನೋಡಿಕೊಳ್ಳುವ ಆರ್ಗನೈಸರ್ ಕೈಗೆ ಕೊಟ್ಟು, ರಸೀದಿ ಪಡೆಯಿರಿ. ಮುಂದಿನ ಹಂಗಾಮಿಗೆ ಸಹಿ ಹಾಕುವ ಮುನ್ನ ಬಾಂಡಿನ ಕನ್ನಡ ಪ್ರತಿ ಕೇಳಿ. ಮೊಳಕೆ ಪರೀಕ್ಷೆಯಲ್ಲಿ ಬೀಜ ಫೇಲಾದರೆ ಹಣ ಯಾರು ಕೊಡುತ್ತಾರೆ, ಆ ಪರೀಕ್ಷೆ ಎಲ್ಲಿ, ಯಾರೆದುರು ನಡೆಯುತ್ತದೆ ಎಂಬ ಷರತ್ತುಗಳನ್ನು ಓದಿಸಿ ಕೇಳಿ. ಖಾಲಿ ಬಾಂಡಿಗೆ ಸಹಿ ಹಾಕುವವರು ಇನ್ನೂ ಇದ್ದಾರೆ, ಅವರಿಗೆ ನಾನು ಯಾವ ಭರವಸೆಯನ್ನೂ ಕೊಡಲಾರೆ.

ನೀವು ಕೇಳದಿದ್ದರೂ ಹೇಳಬೇಕಾದದ್ದು ಒಂದಿದೆ. ಕಂಪನಿ ತಿಳಿಸಿದ ಪರಿಸ್ಥಿತಿಯಲ್ಲೇ ಬೆಳೆದರೂ ನೋಂದಾಯಿತ ತಳಿ ಹೇಳಿದಷ್ಟು ಇಳುವರಿ ಕೊಡದಿದ್ದರೆ 39(2)ರಡಿ ಪ್ರಾಧಿಕಾರದ ಮುಂದೆ ಪರಿಹಾರ ಕೇಳುವ ಹಕ್ಕು ರೈತನಿಗಿದೆ. ಅದಕ್ಕೆ ಬಿಲ್ಲು, ಚೀಲ, ಚೀಲದ ಚೀಟಿ ಮೂರೂ ಬೇಕು. ಬಿತ್ತಿದ ದಿನವೇ ಚೀಲ ಎಸೆದು, ಬೆಳೆ ಕೈಕೊಟ್ಟ ಮೇಲೆ ಬಂದರೆ ಯಾವ ವಕೀಲನೂ ಹೆಚ್ಚೇನೂ ಮಾಡಲಾಗದು. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಹೊಸ ಬೀಜ ಮಸೂದೆಯ ಕರಡನ್ನು ಪ್ರಕಟಿಸಿದೆ. ಕರಡು ಕಾನೂನಲ್ಲ, ಅದರ ಹೆಸರಿನಲ್ಲಿ ಈಗಲೇ ಹೆದರಿಸುವವರನ್ನು ನಂಬಬೇಡಿ.

ಪ್ರಶ್ನೆ: ಅಂಗಡಿಯ ಹೆಸರು ಜಿಎಸ್‌ಟಿ ಪ್ರಮಾಣಪತ್ರದಲ್ಲಿದೆ. ಆ ಹೆಸರು ನನ್ನದಾಯಿತಲ್ಲವೇ? (ಧಾರವಾಡ)

ಉತ್ತರ: ಇಲ್ಲ, ಅದು ತೆರಿಗೆಯ ಕಾಗದ.

ಪ್ರಶ್ನೆ: ನಾಟಕ ಬರೆದು ನನ್ನದೇ ವಿಳಾಸಕ್ಕೆ ರಿಜಿಸ್ಟರ್ ಪೋಸ್ಟ್ ಮಾಡಿ, ಲಕೋಟೆ ಒಡೆಯದೆ ಇಟ್ಟಿದ್ದೇನೆ. ಕಾಪಿರೈಟ್ ಸಿಕ್ಕಂತೆಯೇ? (ಹಾವೇರಿ)

ಉತ್ತರ: ನಾಟಕ ಬರೆದಾಗಲೇ ಹಕ್ಕು ಬಂದಿದೆ, ಲಕೋಟೆ ಅದಕ್ಕೆ ಏನನ್ನೂ ಸೇರಿಸಿಲ್ಲ.

ಪ್ರಶ್ನೆ: ಕೆಲವು ಸಾವಿರ ರೂಪಾಯಿ ಕೊಟ್ಟರೆ ವಾರದೊಳಗೆ ‘ವಿದೇಶಿ ಪೇಟೆಂಟ್’ ಮಾಡಿಸಿ, ನಮ್ಮ ವಿಭಾಗದ ಎಂಟು ಜನರ ಹೆಸರನ್ನೂ ಸೇರಿಸುತ್ತೇವೆ ಎನ್ನುತ್ತಾರೆ. ನಂಬಬಹುದೇ? (ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು)

ಉತ್ತರ: ನಂಬಬೇಡಿ. ಹೀಗೆ ಮಾರಲಾಗುತ್ತಿರುವುದು ಹೆಚ್ಚಾಗಿ ಬ್ರಿಟನ್ನಿನ ಡಿಸೈನ್ ನೋಂದಣಿ. ಅದು ವಸ್ತುವಿನ ಹೊರರೂಪಕ್ಕೆ ಸಿಗುವಂಥದ್ದು, ಅದು ಹೊಸದೇ ಎಂಬುದನ್ನು ಅಲ್ಲಿನ ಕಚೇರಿ ನೋಂದಣಿಗೆ ಮುನ್ನ ಪರೀಕ್ಷಿಸುವುದೂ ಇಲ್ಲ. ತಾವು ಕಂಡುಹಿಡಿಯದ ಯಂತ್ರದ ಚಿತ್ರಕ್ಕೆ ಎಂಟು ಅಧ್ಯಾಪಕರು ಹೆಸರು ಕೊಟ್ಟು ಬಡ್ತಿಯ ಅರ್ಜಿಗೆ ಲಗತ್ತಿಸುವುದು ವಿದ್ಯಾರ್ಥಿಗಳ ಮುಂದೆ ಮಾಡುವ ಅಪ್ರಾಮಾಣಿಕತೆ. ನಿಜವಾದ ಶೋಧನೆ ಇದ್ದರೆ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸುವ ಮೊದಲೇ ತಾತ್ಕಾಲಿಕ ವಿವರಣೆಯೊಂದಿಗೆ ಇಲ್ಲಿಯೇ ಪೇಟೆಂಟ್ ಅರ್ಜಿ ಸಲ್ಲಿಸಿ, ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶ ಸಿಗುತ್ತದೆ.

ಪ್ರಶ್ನೆ: ಬೇಂದ್ರೆಯವರ ಕವಿತೆಗಳನ್ನು ಕ್ಯಾಲೆಂಡರಿನಲ್ಲಿ ಪೂರ್ತಿಯಾಗಿ ಅಚ್ಚು ಹಾಕಬಹುದೇ? ಅವರು ನಾಡಿಗೇ ಸೇರಿದವರಲ್ಲವೇ? (ಗದಗಿನ ಮುದ್ರಣಾಲಯ)

ಉತ್ತರ: ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅಲ್ಲಿಂದ 60 ವರ್ಷ, ಅಂದರೆ 2041ರ ಕೊನೆಯವರೆಗೆ, ಹಕ್ಕು ಇರುತ್ತದೆ. ಹಕ್ಕುದಾರರಿಗೆ ಒಂದು ಪತ್ರ ಬರೆದು ಕೇಳಿ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿದೆಯಲ್ಲ, ಬೆಳೆಗಾರರಾದ ನಾವು ಆ ಗುರುತನ್ನು ನೇರವಾಗಿ ಪ್ಯಾಕೆಟ್ಟಿನ ಮೇಲೆ ಹಾಕಬಹುದೇ?

ಉತ್ತರ: ಹೆಸರು ನೋಂದಣಿಯಾದದ್ದು 2011ರಲ್ಲಿ. ಅದನ್ನು ಬಳಸುವ ಪ್ರತಿಯೊಬ್ಬರೂ ಅಧಿಕೃತ ಬಳಕೆದಾರರಾಗಿ ಚೆನ್ನೈನ ನೋಂದಣಿ ಕಚೇರಿಯಲ್ಲಿ ತಮ್ಮ ಹೆಸರಿಗೆ ಬೇರೆಯಾಗಿ ದಾಖಲಾಗಬೇಕು. ಈ ಅರ್ಜಿಯ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಲಾಯಿತು. ಇದೇ ಕೆಲಸಕ್ಕೆ ಸಾವಿರಾರು ರೂಪಾಯಿ ‘ಸರ್ಕಾರಿ ಫೀ’ ಎಂದು ಕೇಳುವ ಮಧ್ಯವರ್ತಿಗೆ ದುಡ್ಡು ಕೊಡುವ ಮೊದಲು ಸರ್ಕಾರದ ರಸೀದಿ ತೋರಿಸಲು ಹೇಳಿ.