ಚಂಡಮಾರುತ ಬಡಿದ ದ್ವೀಪಗಳಿಗೆ ನೆರವು ಘೋಷಣೆಯಾದರೂ ಮನೆಗಳಿಗೆ ಚಾವಣಿ ಏಕೆ ಬರುವುದಿಲ್ಲ?

ನಿಮ್ಮದು ಎರಡು ಪ್ರಶ್ನೆ. ಕೆರಿಬಿಯನ್ ದ್ವೀಪಗಳಿಗೆ ಚಂಡಮಾರುತ ಬಡಿದಾಗ ಹಲವು ದೇಶಗಳು ನೆರವು ಘೋಷಿಸಿದರೂ ಅಲ್ಲಿನ ಜನರು ತಿಂಗಳುಗಟ್ಟಲೆ ಟಾರ್ಪಾಲಿನ ಕೆಳಗೆ ದಿನ ಕಳೆಯುವುದೇಕೆ ಎಂಬುದು ಒಂದು. ನಿಮ್ಮ ಗೆಳೆಯರ ಬಳಗ ಬಟ್ಟೆ, ಹೊದಿಕೆ, ಆಹಾರದ ಪೊಟ್ಟಣಗಳನ್ನು ಸಂಗ್ರಹಿಸಿ ಇಲ್ಲಿಂದ ಕಳಿಸಿದರೆ ಉಪಯೋಗವಾಗುತ್ತದೆಯೇ ಎಂಬುದು ಇನ್ನೊಂದು. ಹಡಗಿನ ಸರಕು ಸಾಗಣೆಯ ಕೆಲಸದಲ್ಲಿ ಬಹುಕಾಲದಿಂದ ಇರುವವನಾಗಿ ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ದಯವಿಟ್ಟು ವಸ್ತುಗಳನ್ನು ಕಳಿಸಬೇಡಿ. ಕಾರಣ ತಿಳಿಯಬೇಕಾದರೆ ಒಂದು ದ್ವೀಪವನ್ನು ಹತ್ತಿರದಿಂದ ನೋಡಬೇಕು.

ಗ್ರೆನಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ಎಂಬ ಸಣ್ಣ ದ್ವೀಪಕ್ಕೆ 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 240 ಕಿಲೋಮೀಟರ್. ಅರ್ಧ ಗಂಟೆಯಲ್ಲಿ ದ್ವೀಪ ನೆಲಸಮವಾಯಿತೆಂದು ಪ್ರಧಾನಿ ಡಿಕನ್ ಮಿಚೆಲ್ ಹೇಳಿದರು. ಕಟ್ಟಡಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಹಾನಿಗೊಂಡಿದ್ದವು. ಈ ದ್ವೀಪದಲ್ಲಿ ನದಿಯಿಲ್ಲ. ಮನೆಯ ಚಾವಣಿಯ ಮೇಲೆ ಬಿದ್ದ ಮಳೆನೀರು ಸೂರಿನ ಅಂಚಿನ ನೀರುಕಾಲುವೆ ಮತ್ತು ಕೊಳವೆಗಳ ಮೂಲಕ ತೊಟ್ಟಿಗೆ ಇಳಿಯಬೇಕು, ಬಹುಪಾಲು ಕುಟುಂಬಗಳು ಆ ನೀರಿನಲ್ಲೇ ವರ್ಷ ಕಳೆಯಬೇಕು. ಆದ್ದರಿಂದ ಅಲ್ಲಿ ಚಾವಣಿ ಹಾರಿಹೋಯಿತೆಂದರೆ ನೆರಳು ಮಾತ್ರವಲ್ಲ, ಕುಡಿಯುವ ನೀರೂ ಹೋದಂತೆಯೇ. ತೊಟ್ಟಿಯಲ್ಲಿ ಉಳಿದ ನೀರಿಗೂ ಕಸ ಮತ್ತು ಉಪ್ಪು ಸೇರಿರುತ್ತದೆ. ಚಾವಣಿಯ ತಗಡು, ಮರದ ತೊಲೆ, ಮೊಳೆ ಮತ್ತು ಬಡಗಿಗಳು ಬರುವುದು ತಡವಾದಷ್ಟೂ ನೀರನ್ನು ಹೊರಗಿನಿಂದ ಹೊತ್ತು ತರಬೇಕಾಗುತ್ತದೆ. ಆ ನೀರು ಬರುವುದೂ ದೋಣಿಯಲ್ಲೇ, ತಗಡು ಬರುವುದೂ ದೋಣಿಯಲ್ಲೇ.

ದೊಡ್ಡ ಹಡಗು ಅಥವಾ ವಿಮಾನ ಮುಖ್ಯ ದ್ವೀಪದವರೆಗೆ ಬರಬಹುದು. ಅಲ್ಲಿಂದ ಮುಂದೆ ಸಣ್ಣ ಹಡಗುಗಳೇ ಗತಿ. ಬಂದ ಸರಕನ್ನು ಧಕ್ಕೆಯಲ್ಲಿ ಇಳಿಸಲು ಯಂತ್ರ ಬೇಕು, ಯಂತ್ರಕ್ಕೆ ಡೀಸೆಲ್ ಬೇಕು, ಇಳಿಸಿದ್ದನ್ನು ಮಳೆಯಿಂದ ಕಾಯಲು ಚಾವಣಿ ಉಳಿದಿರುವ ಗೋದಾಮು ಬೇಕು, ವಿಂಗಡಿಸಲು ಕೈಗಳು ಬೇಕು; ಆ ಕೈಗಳಾದರೋ ಸ್ವಂತ ಮನೆ ಕಳೆದುಕೊಂಡವರದೇ. ಇಂಥ ಕಡೆಗೆ ಪಟ್ಟಿಯಿಲ್ಲದ, ಅಳತೆ ಬೆರೆತ ಹಳೆಯ ಬಟ್ಟೆಗಳ ಮೂಟೆ ಬಂದರೆ ಅದು ಟಾರ್ಪಾಲಿನ ಜಾಗವನ್ನು ಕಬಳಿಸುತ್ತದೆ. ಕಳಿಸಿದವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ, ಆದರೆ ಧಕ್ಕೆಯ ಅಗಲ ಪ್ರೀತಿಗೆ ತಕ್ಕಂತೆ ಹಿಗ್ಗುವುದಿಲ್ಲ. ಇಲ್ಲಿಂದ ಹಡಗಿನಲ್ಲಿ ಕಳಿಸಿದ್ದು ಅಲ್ಲಿಗೆ ಮುಟ್ಟಲು ವಾರಗಟ್ಟಲೆ ಬೇಕು. ವಿಮಾನದಲ್ಲಿ ಕಳಿಸಿದರೆ ಸಾಗಣೆಯ ವೆಚ್ಚ ಸರಕಿನ ಬೆಲೆಯನ್ನೇ ಮೀರುತ್ತದೆ. ರೆಡ್ ಕ್ರಾಸ್ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಪನಾಮಾದಲ್ಲಿ ಉಗ್ರಾಣಗಳನ್ನು ಇಟ್ಟುಕೊಂಡು ಮೊದಲೇ ಸಾಮಗ್ರಿ ತುಂಬಿಡುವುದು ಇದಕ್ಕಾಗಿಯೇ.

ನೆರವು ಎಂದೊಡನೆ ನಮಗೆ ದೂರದ ದೊಡ್ಡ ದೇಶಗಳ ವಿಮಾನಗಳು ನೆನಪಾಗುತ್ತವೆ. ಆದರೆ ನನ್ನ ತಿಳಿವಳಿಕೆಯಲ್ಲಿ ಮೊದಲ ವಾರಗಳ ಅತ್ಯಂತ ಬೆಲೆಬಾಳುವ ನೆರವು ಪಕ್ಕದ ದ್ವೀಪಗಳಿಂದ ಬರುತ್ತದೆ. ಬಾರ್ಬಡೋಸ್‌ನಲ್ಲಿ ಕೇಂದ್ರವಿರುವ ಕೆರಿಬಿಯನ್ ವಿಪತ್ತು ನಿರ್ವಹಣಾ ಸಂಸ್ಥೆ ಸದಸ್ಯ ದೇಶಗಳ ತಂಡಗಳನ್ನು ಒಗ್ಗೂಡಿಸುತ್ತದೆ. ವಿದ್ಯುತ್ ಕಂಪನಿಗಳ ಒಕ್ಕೂಟವು ಹಾನಿಯಾಗದ ದ್ವೀಪಗಳ ಲೈನ್‌ಮನ್‌ಗಳನ್ನು ಕಳಿಸಿ ಕಂಬಗಳನ್ನು ಮತ್ತೆ ನಿಲ್ಲಿಸುತ್ತದೆ. ಈ ವರ್ಷ ಹೋದವರು ಮುಂದಿನ ವರ್ಷ ತಾವೇ ಕೈಯೊಡ್ಡಬೇಕಾಗಬಹುದೆಂಬುದು ಅವರೆಲ್ಲರಿಗೂ ಗೊತ್ತು.

ಇನ್ನು ನಿಮ್ಮ ಮೊದಲ ಪ್ರಶ್ನೆ, ಹಣದ್ದು. ಘೋಷಣೆಯಾದ ಹಣ ಕೈಗೆ ಬರುವುದು ನಿಧಾನ, ಘೋಷಿಸಿದ್ದೆಲ್ಲ ಬರುವುದೂ ಇಲ್ಲ. ಗ್ರೆನಡಾ ಈ ಪಾಠವನ್ನು ಕಹಿಯಾಗಿಯೇ ಕಲಿತಿದೆ. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಚಂಡಮಾರುತ 39 ಜನರನ್ನು ಬಲಿ ತೆಗೆದುಕೊಂಡಿತು. ನಷ್ಟ ದೇಶದ ವಾರ್ಷಿಕ ಆಂತರಿಕ ಉತ್ಪನ್ನದ ಎರಡರಷ್ಟಾಗಿತ್ತು. ಜಾಯಿಕಾಯಿ ರಫ್ತಿನಲ್ಲಿ ಇಂಡೋನೇಷ್ಯಾದ ನಂತರದ ಸ್ಥಾನ ಆ ಪುಟ್ಟ ದೇಶದ್ದಾಗಿತ್ತು, ಆ ಮರಗಳಲ್ಲಿ ಬಹುಪಾಲು ಉರುಳಿದವು. ಉತ್ತರ ಕನ್ನಡದ ಅಡಿಕೆ ತೋಟದಲ್ಲಿ ಜಾಯಿಕಾಯಿ ಬೆಳೆದವರಿಗೆ ಇದರ ಅರ್ಥವನ್ನು ವಿವರಿಸಬೇಕಿಲ್ಲ: ಹೊಸ ಗಿಡ ಫಲಕ್ಕೆ ಬರಲು ಹಲವು ವರ್ಷ ಕಾಯಬೇಕು, ಪರಿಹಾರದ ಅಕ್ಕಿಯಾದರೋ ಕೆಲವೇ ತಿಂಗಳಿಗೆ ಮುಗಿಯುತ್ತದೆ.

ಐವನ್‌ನ ಅನುಭವದ ಬಳಿಕ, 2007ರಲ್ಲಿ, ಕೆರಿಬಿಯನ್ ದೇಶಗಳು ಸೇರಿ ಒಂದು ಸಾಮೂಹಿಕ ವಿಮಾ ನಿಧಿಯನ್ನು ಸ್ಥಾಪಿಸಿಕೊಂಡವು. ಅದು ಮನೆಮನೆಯ ನಷ್ಟವನ್ನು ಎಣಿಸುತ್ತ ಕೂರುವುದಿಲ್ಲ. ಗಾಳಿಯ ವೇಗ, ಮಳೆಯ ಪ್ರಮಾಣ ಮುಂತಾದ ಅಳತೆಗಳು ನಿಗದಿತ ಮಿತಿ ದಾಟಿದರೆ 14 ದಿನಗಳೊಳಗೆ ಸರ್ಕಾರಕ್ಕೆ ಹಣ ಪಾವತಿಯಾಗುತ್ತದೆ. ಬೆರಿಲ್ ನಂತರ ಗ್ರೆನಡಾಕ್ಕೆ ಹೀಗೆ ಸುಮಾರು 4.4 ಕೋಟಿ ಡಾಲರ್ ದೊರೆಯಿತು. ವಿಶ್ವಬ್ಯಾಂಕಿನ ತ್ವರಿತ ಅಂದಾಜಿನಂತೆ ನೇರ ಹಾನಿಯೇ ಸುಮಾರು 22 ಕೋಟಿ ಡಾಲರ್ ಇದ್ದುದರಿಂದ ಇದು ಸಾಲದು, ಆದರೆ ಬೇಗ ಬಂದ ಹಣ ಇದು. ಜೊತೆಗೆ, 2015ರಲ್ಲಿ ಸಾಲವನ್ನು ಮರುಹೊಂದಿಸಿಕೊಳ್ಳುವಾಗ, ದೊಡ್ಡ ಚಂಡಮಾರುತ ಬಂದರೆ ಕಂತುಗಳನ್ನು ಮುಂದೂಡಬಹುದೆಂಬ ಷರತ್ತನ್ನು ಗ್ರೆನಡಾ ಹಾಕಿಸಿತ್ತು. 2024ರಲ್ಲಿ ಬಾಂಡ್‌ಗಳ (ಹೂಡಿಕೆದಾರರಿಂದ ಪಡೆದ ಸಾಲದ ಪತ್ರಗಳ) ಮೇಲೆ ಅಂಥ ಷರತ್ತನ್ನು ಚಲಾಯಿಸಿದ ಮೊದಲ ದೇಶ ಅದೇ. ಚಾವಣಿ ಹೊದಿಸಬೇಕಾದ ಹಣ ಸಾಲ ಕೊಟ್ಟವರಿಗೆ ಹೋಗದಂತೆ ತಡೆಯುವುದೂ ಮಾನವೀಯ ನೆರವೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಈ ವ್ಯವಸ್ಥೆಗಳಲ್ಲಿ ಲೋಪಗಳೂ ಇವೆ. ಅದೇ ಬೆರಿಲ್ ಜಮೈಕಾದ ದಕ್ಷಿಣ ತೀರವನ್ನು ಹಾಳುಗೆಡವಿದಾಗ, ವಾಯುಭಾರ ನಿಗದಿತ ಮಿತಿಗಿಂತ ಕೆಳಗೆ ಇಳಿಯಲಿಲ್ಲವೆಂಬ ಕಾರಣಕ್ಕೆ ಆ ದೇಶದ 15 ಕೋಟಿ ಡಾಲರ್‌ಗಳ ವಿಪತ್ತು ಬಾಂಡ್‌ನಿಂದ (ನಿಗದಿತ ಮಟ್ಟದ ವಿಪತ್ತು ಬಂದರೆ ಹೂಡಿಕೆದಾರರ ಹಣ ದೇಶಕ್ಕೆ ಸಿಗುವ ವ್ಯವಸ್ಥೆ) ಬಿಡಿಗಾಸೂ ಬರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಮೆಲಿಸ್ಸಾ ಚಂಡಮಾರುತ ಬಡಿದಾಗ ಪೂರ್ಣ ಮೊತ್ತ ಬಂತು. ಇನ್ನೊಂದು ಅನ್ಯಾಯವೆಂದರೆ ತಲಾ ಆದಾಯದ ಲೆಕ್ಕ. ಪ್ರವಾಸೋದ್ಯಮದಿಂದ ಆದಾಯ ಹೆಚ್ಚಿರುವ ಬಹಾಮಾಸ್‌ನಂಥ ದೇಶಗಳು ಅಭಿವೃದ್ಧಿ ನೆರವಿಗೆ ಅರ್ಹವಾದ ದೇಶಗಳ ಪಟ್ಟಿಯಲ್ಲಿಲ್ಲ; 2019ರಲ್ಲಿ ಡೋರಿಯನ್ ಅಲ್ಲಿನ ಅಬಾಕೊ ದ್ವೀಪಗಳನ್ನು ಪುಡಿಗಟ್ಟಿದಾಗ ಮಾರ್ಶ್ ಹಾರ್ಬರ್‌ನ ಕೊಳೆಗೇರಿಗಳಲ್ಲಿದ್ದ ಹೈಟಿ ಮೂಲದ ಬಡವರು ಸರ್ವಸ್ವವನ್ನೂ ಕಳೆದುಕೊಂಡರು. ದೇಶದ ಸರಾಸರಿ ಆದಾಯದಲ್ಲಿ ಅವರ ಮುಖ ಕಾಣುವುದಿಲ್ಲ.

ನಿಮ್ಮ ಬಳಗ ಮಾಡಬಹುದಾದದ್ದು ಹಣ ಕಳಿಸುವುದು. ಅಂಗಡಿಗಳು ತೆರೆದ ಮೇಲೆ ಕುಟುಂಬಗಳಿಗೆ ನೇರವಾಗಿ ನಗದು ಕೊಡುವ ಪದ್ಧತಿ ಈಗ ಬೇರೂರಿದೆ. 2017ರಲ್ಲಿ ಮರಿಯಾ ಬಡಿದ ಡೊಮಿನಿಕಾದಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಮತ್ತು ಯುನಿಸೆಫ್ ಸೇರಿ, ಅಲ್ಲಿನ ಸರ್ಕಾರದ ಸಾಮಾಜಿಕ ನೆರವಿನ ವ್ಯವಸ್ಥೆಯ ಮೂಲಕವೇ ಹಾಗೆ ಹಂಚಿದವು. ಆಯಾ ದೇಶದ ರೆಡ್ ಕ್ರಾಸ್ ಅಥವಾ ಸರ್ಕಾರ ಪ್ರಕಟಿಸುವ ಅಧಿಕೃತ ಖಾತೆಯನ್ನು ಅವರದೇ ಪ್ರಕಟಣೆಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ವಿದೇಶಕ್ಕೆ ದೇಣಿಗೆ ಕಳಿಸಲು ವ್ಯಕ್ತಿಗಳಿಗೆ ಅವಕಾಶವಿದೆ, ಆದರೆ ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟದ್ದಕ್ಕೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ದೊರೆಯುವುದಿಲ್ಲ. ಸಾಧ್ಯವಾದರೆ ಮೊತ್ತವನ್ನು ಎರಡು ಭಾಗ ಮಾಡಿ, ಒಂದನ್ನು ಈಗಲೇ ಕಳಿಸಿ, ಇನ್ನೊಂದನ್ನು ಆರು ತಿಂಗಳ ನಂತರ ಚಾವಣಿ ಮತ್ತು ಮೀನುಗಾರರ ದೋಣಿ ದುರಸ್ತಿಯ ಕೆಲಸಕ್ಕೆಂದು ಕಳಿಸಿ. ಆ ಹೊತ್ತಿಗೆ ಸುದ್ದಿವಾಹಿನಿಗಳು ಹೊರಟುಹೋಗಿರುತ್ತವೆ, ದೇಣಿಗೆಯೂ ಬತ್ತಿರುತ್ತದೆ.